ನಕಲಿಗೂ ಬೇಕು ಅಕಲು

ಕನ್ನಡದಲ್ಲಿ 'ನಕಲು' ಎಂಬ ಪದಕ್ಕೆ ಮರ್ಯಾದೆಯಿಲ್ಲ. ಪರೀಕ್ಷೆಯಲ್ಲಿ ನಕಲು, ನಕಲಿ ನೋಟು, ನಕಲಿ ವೈದ್ಯ, ನಕಲಿ ದಾಖಲೆ - ಎಲ್ಲಿ ನೋಡಿದರೂ ಅದು ಆರೋಪಿಯ ಕಟಕಟೆಯಲ್ಲೇ ನಿಂತಿರುತ್ತದೆ. ಅರಬಿಯಿಂದ ಹೊರಟು ಪರ್ಷಿಯನ್, ಉರ್ದು, ದಖನಿಗಳನ್ನು ಹಾದು ನಮ್ಮಲ್ಲಿಗೆ ಬಂದ ಈ ಪದ ತನ್ನ ತವರಿನಲ್ಲಿ ಇಷ್ಟು ಬಡವಾಗಿರಲಿಲ್ಲ. ಅಲ್ಲಿ 'ನಕ್ಲ್' ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಬಗ್ದಾದಿನ ಇಬ್ನ್ ಅನ್ನದೀಮ್ 10ನೇ ಶತಮಾನದ ಕೊನೆಯಲ್ಲಿ ಬರೆದ ಗ್ರಂಥಪಟ್ಟಿ 'ಫಿಹ್ರಿಸ್ತ್'ನಲ್ಲಿ ಗ್ರೀಕ್ ಪುಸ್ತಕಗಳು ಅರಬಿಗೆ ಬಂದದ್ದನ್ನು ಹೇಳುವಾಗ ಬಳಸುವ ಪದವೂ ಇದೇ. ಯೂಕ್ಲಿಡ್‌ನ ರೇಖಾಗಣಿತವನ್ನು ಹಜ್ಜಾಜ್ ಇಬ್ನ್ ಯೂಸುಫ್ ಇಬ್ನ್ ಮತರ್ ಎರಡು ಬಾರಿ 'ನಕ್ಲ್' ಮಾಡಿದ, ಒಂದಕ್ಕೆ ಹಾರೂನೀ ಎಂದೂ ಇನ್ನೊಂದಕ್ಕೆ ಮಾಮೂನೀ ಎಂದೂ ಹೆಸರು, ಎರಡನೆಯದನ್ನೇ ಜನ ನೆಚ್ಚುತ್ತಾರೆ ಎಂದು ಆತ ದಾಖಲಿಸುತ್ತಾನೆ. ನಕಲಿಗೂ ಅನುವಾದಕ್ಕೂ ಆಗ ಒಂದೇ ಹೆಸರಿತ್ತು.

ನಮ್ಮ ಮನೆಗಳ ದಖನಿಯಲ್ಲಿ ಒಂದು ಗಾದೆಯಿದೆ: 'ನಖಲ್ ಕೂ ಬೀ ಅಖಲ್ ಹೋನಾ'. ನಕಲು ಮಾಡುವುದಕ್ಕೂ ಬುದ್ಧಿ ಬೇಕು ಎಂದರ್ಥ. ಇದು ಹಂಗಿಸುವ ಮಾತು. ಪಕ್ಕದವನನ್ನು ನೋಡಿ ಏನನ್ನೋ ಮಾಡಹೋಗಿ ಎಡವಟ್ಟು ಮಾಡಿಕೊಂಡವನಿಗೆ ಹಿರಿಯರು ಅನ್ನುವ ಮಾತು. ಹಂಗು ಬದಿಗಿಟ್ಟು ನೋಡಿದರೆ ಈ ಗಾದೆಯಲ್ಲಿ ಒಂದು ಗಟ್ಟಿಯಾದ ವಿಚಾರವಿದೆ. ಅದನ್ನು ಪರೀಕ್ಷಿಸಿ ನೋಡಲು ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುವ ಎರಡು ಸಾಮಾನುಗಳು ಸಾಕು: ಒಂದು ಕೈವಾರ, ಒಂದು ಪಟ್ಟಿ. ಪಟ್ಟಿಯ ಮೇಲಿನ ಸೆಂಟಿಮೀಟರ್ ಗುರುತುಗಳನ್ನು ಇಲ್ಲವೆಂದೇ ತಿಳಿಯಬೇಕು. ಕೋನಮಾಪಕವನ್ನು ಮುಟ್ಟಬಾರದು. ಕಾಗದದ ಮೇಲೆ ಯಾರೋ ಒಂದು ಕೋನ ಬರೆದಿಟ್ಟಿದ್ದಾರೆ. ಅದು ಎಷ್ಟು ಡಿಗ್ರಿ ಎಂದು ನಮಗೆ ಗೊತ್ತಿಲ್ಲ. ಅದನ್ನೇ ಇನ್ನೊಂದು ಕಡೆ ಬರೆಯಬೇಕು.

ಮಾಡುವ ಕ್ರಮ ಹೀಗಿದೆ. ಕೊಟ್ಟ ಕೋನದ ಶೃಂಗದ ಮೇಲೆ ಕೈವಾರದ ಮುಳ್ಳನ್ನು ಊರಿ, ಎರಡು ಬಾಹುಗಳನ್ನೂ ಕತ್ತರಿಸುವಂತೆ ಒಂದು ಕಂಸ ಎಳೆಯಬೇಕು. ಕೈವಾರವನ್ನು ಅಲುಗಿಸದೆ, ಹೊಸದಾಗಿ ಎಳೆದ ಗೆರೆಯ ತುದಿಯಲ್ಲಿ ಮುಳ್ಳನ್ನಿಟ್ಟು, ಆ ಗೆರೆಯನ್ನು ಕತ್ತರಿಸುವಂತೆ ಅಂಥದೇ ಕಂಸ ಎಳೆಯಬೇಕು. ಈಗ ಹಳೆಯ ಕೋನಕ್ಕೆ ಮರಳಿ, ಅಲ್ಲಿ ಕಂಸವು ಬಾಹುಗಳನ್ನು ಕತ್ತರಿಸಿದ ಎರಡು ಬಿಂದುಗಳ ನಡುವಿನ ಅಂತರವನ್ನು ಕೈವಾರದಲ್ಲಿ ಹಿಡಿಯಬೇಕು. ಹೊಸ ಕಂಸವು ಹೊಸ ಗೆರೆಯನ್ನು ಕತ್ತರಿಸಿದಲ್ಲಿ ಮುಳ್ಳನ್ನೂರಿ, ಆ ಅಂತರದಲ್ಲಿ ಹೊಸ ಕಂಸದ ಮೇಲೆ ಒಂದು ಗುರುತು ಮಾಡಬೇಕು. ಗೆರೆಯ ತುದಿಗೂ ಈ ಗುರುತಿಗೂ ಪಟ್ಟಿಯಿಟ್ಟು ಎಳೆದರೆ ಮುಗಿಯಿತು. ಕೋನ ಬಂದು ಕೂತಿದೆ. ಅದು ಎಷ್ಟು ಡಿಗ್ರಿ ಎಂಬುದು ನಮಗೆ ಈಗಲೂ ಗೊತ್ತಿಲ್ಲ.

ಇದು ಏಕೆ ಸರಿ? ಎರಡೂ ಕಡೆ ಕಾಣದ ಮೂರನೆಯ ಗೆರೆಯೊಂದನ್ನು ಎಳೆದುಕೊಂಡರೆ ಎರಡು ತ್ರಿಭುಜಗಳು ಕಾಣುತ್ತವೆ. ಎರಡೆರಡು ಬಾಹುಗಳು ಕಂಸದ ತ್ರಿಜ್ಯಗಳು, ಹಾಗಾಗಿ ಸಮ. ಮೂರನೆಯದು ನಾವೇ ಕೈವಾರದಲ್ಲಿ ಹಿಡಿದು ತಂದದ್ದು, ಅದೂ ಸಮ. ಮೂರೂ ಬಾಹುಗಳು ಸಮವಾದ ಮೇಲೆ ತ್ರಿಭುಜಕ್ಕೆ ಬೇರೆ ಆಕಾರ ತಾಳುವ ದಾರಿಯೇ ಇಲ್ಲ. ನಾಲ್ಕು ಕಡ್ಡಿಗಳನ್ನು ಮೊಳೆ ಹೊಡೆದು ಚೌಕಟ್ಟು ಮಾಡಿದರೆ ಅದು ಒಂದು ಕಡೆಗೆ ವಾಲುತ್ತದೆ. ಮೂರು ಕಡ್ಡಿಗಳದ್ದು ವಾಲುವುದಿಲ್ಲ. ಬಡಗಿಗಳು ಬಾಗಿಲ ಹಲಗೆಗಳ ಹಿಂದೆ ಓರೆಯಾಗಿ ಒಂದು ಪಟ್ಟಿ ಹೊಡೆಯುವುದು ಇದೇ ಕಾರಣಕ್ಕೆ. ಕೋನವನ್ನು ನೇರವಾಗಿ ಹೊತ್ತು ಸಾಗಿಸುವ ಸಾಧನ ನಮ್ಮ ಕೈಯಲ್ಲಿರಲಿಲ್ಲ. ಕೈವಾರಕ್ಕೆ ಹೊರಲು ಬರುವುದು ಉದ್ದವನ್ನು ಮಾತ್ರ. ಮೂರು ಉದ್ದಗಳನ್ನು ಒಂದೊಂದಾಗಿ ಹೊತ್ತು ತಂದು ಜೋಡಿಸಿದಾಗ ಕೋನ ತಾನಾಗಿಯೇ ಜೊತೆಗೆ ಬಂತು.

ಯೂಕ್ಲಿಡ್‌ನ ಮೊದಲ ಪುಸ್ತಕದಲ್ಲಿ ಇದು 23ನೇ ಪ್ರಮೇಯ. 5ನೇ ಶತಮಾನದ ವ್ಯಾಖ್ಯಾನಕಾರ ಪ್ರೊಕ್ಲಸ್ ಇದನ್ನು ಯೂಕ್ಲಿಡ್‌ಗಿಂತ ಹಿಂದಿನ ಕಿಯೋಸ್ ದ್ವೀಪದ ಈನೊಪಿಡಸ್‌ನ ಶೋಧವೆನ್ನುತ್ತಾನೆ. ಯೂಕ್ಲಿಡ್ ಇದಕ್ಕೆ ಮೊದಲು ಎರಡು ಮೆಟ್ಟಿಲು ಕಟ್ಟಿಕೊಂಡಿರುತ್ತಾನೆ: ಮೂರು ಬಾಹುಗಳು ಸಮವಾದರೆ ಕೋನಗಳೂ ಸಮ ಎಂಬ 8ನೇ ಪ್ರಮೇಯ, ಮೂರು ಗೆರೆಗಳು ಕೊಟ್ಟಾಗ ತ್ರಿಭುಜ ಕಟ್ಟುವ 22ನೇ ಪ್ರಮೇಯ. ಕಾರಣ ಮೊದಲು, ಕೈಕೆಲಸ ನಂತರ. ಕಾರಣವಿಲ್ಲದ ಒಂದು ಗೆರೆಯನ್ನೂ ಆತ ಎಳೆಯುವುದಿಲ್ಲ.

ನಮ್ಮ ಶಾಲೆಗಳಲ್ಲಿ ಈ ಅನುಕ್ರಮ ತಲೆಕೆಳಗಾಯಿತು. 2006ರಲ್ಲಿ ಎನ್.ಸಿ.ಇ.ಆರ್.ಟಿ. ಹೊರತಂದ ಆರನೇ ತರಗತಿಯ ಗಣಿತ ಪುಸ್ತಕದಲ್ಲಿ 'ಪ್ರಾಯೋಗಿಕ ರೇಖಾಗಣಿತ' ಎಂಬ ಅಧ್ಯಾಯವಿತ್ತು. ಅದರಲ್ಲಿ ಅಳತೆ ಗೊತ್ತಿಲ್ಲದ ಕೋನದ ಪ್ರತಿಯನ್ನು ರಚಿಸುವ ಭಾಗವೂ ಇತ್ತು. ಆದರೆ ಈ ರಚನೆ ಏಕೆ ಸರಿ ಎಂಬುದಕ್ಕೆ ಆಧಾರವಾದ ಸರ್ವಸಮ ತ್ರಿಭುಜಗಳ ಪಾಠ ಇದ್ದದ್ದು ಏಳನೇ ತರಗತಿಯ ಪುಸ್ತಕದಲ್ಲಿ. ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಸಾಧನೆಯ ಹೊರೆ ಬೇಡವೆಂಬ ಎಣಿಕೆ ಅರ್ಥವಾಗುತ್ತದೆ. ಅರ್ಥವಾಗದಿರುವುದು ಮುಂದಿನ ವರ್ಷ ಕಾರಣ ಕೈಗೆ ಬಂದಾಗ ಯಾರೂ ಹಿಂದಿನ ವರ್ಷದ ಕಂಸಗಳ ಬಳಿಗೆ ಮರಳದಿರುವುದು. ಹೀಗಾಗಿ ಒಂದು ವರ್ಷ ಕೈ ಕಲಿಯಿತು, ಮತ್ತೊಂದು ವರ್ಷ ತಲೆ ಕಲಿಯಿತು. ಎರಡಕ್ಕೂ ಪರಿಚಯವೇ ಆಗಲಿಲ್ಲ.

ಇದರ ಫಲ ಏನೆಂದು ಮೇಷ್ಟ್ರುಗಳಿಗೆ ಗೊತ್ತು. ಪರೀಕ್ಷೆಯಲ್ಲಿ ಕಂಸಗಳನ್ನು ಅಳಿಸಬಾರದು, ಅವಕ್ಕೂ ಅಂಕವಿದೆ. ಚುರುಕಾದ ಹುಡುಗ ಮೊದಲು ಕೋನಮಾಪಕವಿಟ್ಟು ಡಿಗ್ರಿ ನೋಡಿಕೊಳ್ಳುತ್ತಾನೆ, ಅಷ್ಟೇ ಡಿಗ್ರಿಯ ಕೋನ ಬರೆಯುತ್ತಾನೆ, ಆಮೇಲೆ ಕೈವಾರ ತೆಗೆದು ಕಂಸಗಳನ್ನು ಶೃಂಗಾರಕ್ಕೆಂದು ಎಳೆದಿಡುತ್ತಾನೆ. ಕೋನ ಸರಿಯಿದೆ, ಕಂಸಗಳೂ ಇವೆ, ಅಂಕವೂ ಬರುತ್ತದೆ. ನಿಂದೆಗೆ ಅರ್ಹವಾದ ನಕಲು ಎಂದರೆ ಇದು. ಆ ಹುಡುಗನನ್ನು ಬೈಯುವುದಕ್ಕಿಂತ ಕಂಸವೆಂದರೆ ಶೃಂಗಾರವೆಂದೇ ಅವನಿಗೆ ಕಾಣುವಂತೆ ಮಾಡಿದ ಪಾಠವನ್ನು ಕೇಳುವುದು ನ್ಯಾಯ.

ಕೈ ಮತ್ತು ಕಾರಣದ ಈ ವಿಚ್ಛೇದನ ಹೊಸ ಕಾಯಿಲೆಯಲ್ಲ. ಸಾವಿರ ವರ್ಷದ ಹಿಂದೆ ಇದರ ಬಗ್ಗೆ ತಲೆಕೆಡಿಸಿಕೊಂಡ ಒಬ್ಬ ದೊಡ್ಡ ಗಣಿತಜ್ಞನಿದ್ದ. ಖುರಾಸಾನಿನ ಬೂಜ್ಜಾನ್ ಎಂಬಲ್ಲಿ 940ರಲ್ಲಿ ಹುಟ್ಟಿ ಬಗ್ದಾದಿಗೆ ಬಂದು ನೆಲೆಸಿದ ಅಬುಲ್ ವಫಾ. ತ್ರಿಕೋನಮಿತಿಯಲ್ಲಿ ಅವನ ಹೆಸರು ದೊಡ್ಡದು. ಆದರೆ ಆತ ಕುಶಲಕರ್ಮಿಗಳಿಗೆ ಬೇಕಾಗುವ ರೇಖಾಗಣಿತದ ಬಗ್ಗೆಯೇ ಒಂದು ಪುಸ್ತಕ ಬರೆದ. ಅದು ಪಟ್ಟಿ, ಕೈವಾರ ಮತ್ತು ಮೂಲೆಮಟ್ಟಗಳಿಂದಲೇ ಆರಂಭವಾಗುತ್ತದೆ. ಒಮ್ಮೆ ಇಷ್ಟಗಲ ತೆರೆದ ಮೇಲೆ ಮತ್ತೆ ಹಿಗ್ಗಿಸದೆ ಕುಗ್ಗಿಸದೆ ಒಂದೇ ಅಗಲದ ಕೈವಾರದಿಂದ ಏನೇನು ರಚಿಸಬಹುದು ಎಂಬುದನ್ನೂ ಆತ ಅದರಲ್ಲಿ ತೋರಿಸುತ್ತಾನೆ. ಕೈವಾರದ ತೆರೆತ ಬದಲಾದಷ್ಟೂ ತಪ್ಪು ನುಸುಳುತ್ತದೆಂಬುದು ಕೆಲಸಗಾರನಿಗೆ ಗೊತ್ತಿರುವ ಸಂಗತಿ.

ಆ ಪುಸ್ತಕದಲ್ಲಿ ಕುಶಲಕರ್ಮಿಗಳೂ ರೇಖಾಗಣಿತಜ್ಞರೂ ಸೇರಿದ್ದ ಒಂದು ಕೂಟದ ಪ್ರಸಂಗ ಬರುತ್ತದೆ. ಸಮನಾದ ಮೂರು ಚೌಕಗಳನ್ನು ಕತ್ತರಿಸಿ ಜೋಡಿಸಿ ಒಂದು ದೊಡ್ಡ ಚೌಕ ಮಾಡುವುದು ಹೇಗೆ ಎಂಬುದು ಪ್ರಶ್ನೆ. ರೇಖಾಗಣಿತಜ್ಞನಿಗೆ ಆ ದೊಡ್ಡ ಚೌಕದ ಬಾಹುವನ್ನು ಗೆರೆಯಾಗಿ ಎಳೆಯುವುದು ಸುಲಭ. ಆದರೆ ಕಲ್ಲನ್ನೋ ಹೆಂಚನ್ನೋ ಎಲ್ಲಿ ಕತ್ತರಿಸಬೇಕೆಂದು ಹೇಳಲು ಅವನಿಗೆ ಬಾರದು. ಕುಶಲಕರ್ಮಿ ಕತ್ತರಿಸಿ ಜೋಡಿಸಿ ತೋರಿಸಬಲ್ಲ, ಕಣ್ಣಿಗೆ ಅದು ಚೌಕವಾಗಿಯೇ ಕಾಣುತ್ತದೆ. ಆದರೆ ಅವನ ವಿಧಾನಗಳಲ್ಲಿ ಕೆಲವು ತಪ್ಪು. ಕಣ್ಣು ಒಪ್ಪಿದರೆ ಸಾಕು ಎನ್ನುವವನು ಒಬ್ಬ, ಸಾಧನೆ ಸಿಕ್ಕಮೇಲೆ ಕಣ್ಣಿಗೆ ಹೇಗೆ ಕಂಡರೇನು ಎನ್ನುವವನು ಇನ್ನೊಬ್ಬ. ಅಬುಲ್ ವಫಾ ಇಬ್ಬರನ್ನೂ ತಿದ್ದುತ್ತಾನೆ. ಎರಡು ಚೌಕಗಳನ್ನು ಕರ್ಣದ ಗುಂಟ ಕತ್ತರಿಸಿ, ಆ ನಾಲ್ಕು ತುಂಡುಗಳನ್ನು ಮೂರನೆಯ ಚೌಕದ ಸುತ್ತ ಇಟ್ಟು, ಹೊರಚಾಚಿದ ಚೂರುಗಳನ್ನು ಖಾಲಿ ಉಳಿದ ಜಾಗಗಳಿಗೆ ತುಂಬುವ ವಿಧಾನವನ್ನು ಕೊಡುತ್ತಾನೆ. ಅದನ್ನು ಕತ್ತರಿಸಲೂ ಬಹುದು, ಸಾಧಿಸಲೂ ಬಹುದು.

ವಿಮರ್ಶೆ ಎಂಬ ಕೆಲಸಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮಾದರಿಗಳಲ್ಲಿ ಇದೂ ಒಂದು. ಮೇಸ್ತ್ರಿಯನ್ನು ಅಕ್ಷರ ಬಾರದವನೆಂದು ಆತ ಹೀಯಾಳಿಸಲಿಲ್ಲ. ಪಂಡಿತನನ್ನು ಕೆಲಸಕ್ಕೆ ಬಾರದವನೆಂದು ತಳ್ಳಲಿಲ್ಲ. ಒಬ್ಬನ ಕೊರತೆಗೆ ಇನ್ನೊಬ್ಬನ ಬಲ ಬೇಕೆಂದು ಕೆಲಸದ ಮೂಲಕ ತೋರಿಸಿದ.

ಈಗ ನಮ್ಮದೇ ವಿಚಾರಕ್ಕೆ ಬರೋಣ. ಮುಸ್ಲಿಮರ ಗಣಿತ, ವಿಜ್ಞಾನಗಳ ಬಗ್ಗೆ ಕನ್ನಡದಲ್ಲಿ ಎರಡು ಬಗೆಯ ಮಾತುಗಳು ಓಡಾಡುತ್ತಿವೆ. ಒಂದು, ಅರಬರು ಬರೀ ಅಂಚೆಯವರು. ಗ್ರೀಕರ ಲಕೋಟೆಯನ್ನು ಯುರೋಪಿನ ಬಾಗಿಲಿಗೆ ಮುಟ್ಟಿಸಿದರು, ಒಳಗೇನಿದೆಯೆಂದು ಅವರಿಗೇನು ಗೊತ್ತು ಎಂಬ ತಾತ್ಸಾರ. ಇನ್ನೊಂದು ನಮ್ಮ ಸಭೆಗಳಲ್ಲಿ, ನಮ್ಮವೇ ಪತ್ರಿಕೆಗಳ ವಿಶೇಷ ಸಂಚಿಕೆಗಳಲ್ಲಿ ಕೇಳುವ ಮಾತು: ನಾವಿಲ್ಲದಿದ್ದರೆ ಯೂಕ್ಲಿಡ್ ಉಳಿಯುತ್ತಲೇ ಇರಲಿಲ್ಲ, ಎಲ್ಲವೂ ನಮ್ಮದೇ ಕೊಡುಗೆ ಎಂಬ ಹೆಮ್ಮೆ. ಎರಡೂ ಮಾತುಗಳು ಪುಸ್ತಕ ತೆರೆಯದೆ ಆಡಿದವು.

ಮೊದಲನೆಯದನ್ನು ನೋಡೋಣ. ಹಜ್ಜಾಜ್ ಎರಡು ಬಾರಿ ಅನುವಾದಿಸಿದ. ನಂತರ ಇಸ್‌ಹಾಕ್ ಇಬ್ನ್ ಹುನೈನ್ ಹೊಸದಾಗಿ ಅನುವಾದಿಸಿದ, 901ರಲ್ಲಿ ತೀರಿಕೊಂಡ ಸಾಬಿತ್ ಇಬ್ನ್ ಕುರ್ರ ಅದನ್ನು ಪರಿಷ್ಕರಿಸಿದ. 1248ರಲ್ಲಿ ನಸೀರುದ್ದೀನ್ ತೂಸಿ ಹೊಸ ಪಾಠವೊಂದನ್ನು ಸಿದ್ಧಪಡಿಸಿದಾಗ ಹಜ್ಜಾಜನ ಪ್ರತಿ ಮತ್ತು ಸಾಬಿತನ ಪ್ರತಿ ಎರಡನ್ನೂ ಎದುರಿಗಿಟ್ಟುಕೊಂಡ. ಎರಡರಲ್ಲೂ ಪ್ರಮೇಯಗಳ ಸಂಖ್ಯೆ ಒಂದೇ ಆಗಿರಲಿಲ್ಲ. ಒಬ್ಬನ ಸಂಖ್ಯೆಯನ್ನು ಕೆಂಪು ಶಾಯಿಯಲ್ಲೂ ಇನ್ನೊಬ್ಬನದನ್ನು ಕಪ್ಪು ಶಾಯಿಯಲ್ಲೂ ಗುರುತಿಸಿರುವುದಾಗಿ ಆತ ಮುನ್ನುಡಿಯಲ್ಲಿ ಹೇಳುತ್ತಾನೆ. ಎಲ್ಲಿ ಯಾರ ಮಾತು ಎಂಬುದು ಓದುಗನಿಗೆ ಗೊತ್ತಾಗಲಿ ಎಂಬ ಈ ಎಚ್ಚರ ಅಂಚೆಯವನದ್ದಲ್ಲ. ಕಂಸಗಳನ್ನು ಅಳಿಸದೆ ಬಿಡುವ ಪ್ರಾಮಾಣಿಕತೆ ಇದು. 1482ರಲ್ಲಿ ವೆನಿಸ್‌ನಲ್ಲಿ ಯೂಕ್ಲಿಡ್ ಮೊದಲ ಬಾರಿಗೆ ಅಚ್ಚಾದಾಗ ಅಚ್ಚಾದದ್ದು ಅರಬಿಯಿಂದ ಲ್ಯಾಟಿನ್‌ಗೆ ಬಂದ ಪರಂಪರೆಯ ಪಾಠ. ಗ್ರೀಕ್ ಮೂಲ ಅಚ್ಚಾದದ್ದು 1533ರಲ್ಲಿ, ಬಾಸೆಲ್‌ನಲ್ಲಿ.

ಎರಡನೆಯ ಮಾತು ನಮಗೆ ಇಷ್ಟವಾದದ್ದು, ಹಾಗಾಗಿ ಅದರ ಬಗ್ಗೆ ಹೆಚ್ಚು ನಿಷ್ಠುರವಾಗಿರಬೇಕು. ಯೂಕ್ಲಿಡ್‌ನ ಗ್ರೀಕ್ ಪಾಠ ನಾಶವಾಗಿರಲಿಲ್ಲ. 888ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪ್ರತಿ ಮಾಡಿದ ಗ್ರೀಕ್ ಹಸ್ತಪ್ರತಿ ಇಂದಿಗೂ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಇಸ್‌ಹಾಕ್ ಇಬ್ನ್ ಹುನೈನ್ ಕ್ರೈಸ್ತ. ಸಾಬಿತ್ ಹರ್ರಾನಿನ ಸಾಬಿ ಸಮುದಾಯದವನು. ಇದು ನಾವು ಮಾತ್ರ ಮಾಡಿದ ಕೆಲಸವಲ್ಲ. ಹಲವು ಧರ್ಮದವರು ಒಂದೇ ಊರಿನಲ್ಲಿ, ಒಂದೇ ಭಾಷೆಯಲ್ಲಿ ಕೂತು ಮಾಡಿದ ಕೆಲಸ. ಆ ಊರು, ಆ ಭಾಷೆ ಅದಕ್ಕೆ ಜಾಗ ಕೊಟ್ಟವು ಎಂಬುದೇ ನಮ್ಮ ಹೆಮ್ಮೆಗೆ ಸಾಕು.

ಕೋನ ಕಲಿಸುವಾಗ ಮಕ್ಕಳು ಸಾಮಾನ್ಯವಾಗಿ ಮಾಡುವ ಒಂದು ತಪ್ಪಿದೆ. ಬಾಹುಗಳು ಉದ್ದವಾಗಿದ್ದರೆ ಕೋನವೂ ದೊಡ್ಡದೆಂದು ಅವರು ತಿಳಿಯುತ್ತಾರೆ. ಬಾಹುವನ್ನು ಊರಾಚೆವರೆಗೆ ಎಳೆದರೂ ಕೋನ ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ನಮ್ಮ ಸುವರ್ಣಯುಗದ ಭಾಷಣಗಳು ಬಾಹುಗಳನ್ನು ಎಳೆಯುತ್ತಲೇ ಇವೆ. ಇದೇ ಗುಣ ಬೇರೆ ಕಡೆ ಉಪಕಾರಕ್ಕೂ ಬರುತ್ತದೆ. ಬಿಜಾಪುರದ ಗೋಲಗುಮ್ಮಟದ ಒಳಗೆ ನಿಂತು ತಲೆಯೆತ್ತಿದವರು ಗುಮ್ಮಟದ ಕೆಳಗೆ ಒಂದನ್ನೊಂದು ಹಾಯುವ ಕಮಾನುಗಳನ್ನು ನೋಡಿರುತ್ತಾರೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿಟ್ಟರೆ ಸಿಗುವ ಎಂಟು ಮೂಲೆಯ ನಕ್ಷತ್ರವೇ ಅದರ ನಕ್ಷೆ. ಅಂಗೈಯಗಲದ ಕಾಗದದಲ್ಲಿ ಬರೆದರೂ, ಸುಮಾರು 41 ಮೀಟರ್ ಉದ್ದಗಲದ ಆ ಸಭಾಂಗಣದಲ್ಲಿ ಕಟ್ಟಿದರೂ 45 ಡಿಗ್ರಿ 45 ಡಿಗ್ರಿಯೇ. ಕಟ್ಟಡದ ನಕ್ಷೆ ಎಂಬುದು ಕೆಲಸಕ್ಕೆ ಬರುವುದೇ ಈ ಕಾರಣದಿಂದ.

ಭಾರತದಲ್ಲಿ ಈ ಪಾಠ ನಡೆದ ದಾರಿಯನ್ನು ನೋಡಿದರೆ ನಮ್ಮ ಇಂದಿನ ಜಗಳಗಳು ಸಣ್ಣದಾಗಿ ಕಾಣುತ್ತವೆ. 18ನೇ ಶತಮಾನದ ಮೊದಲ ಭಾಗದಲ್ಲಿ ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಸಮ್ರಾಟ ಎಂಬ ಪಂಡಿತ ಅರಬಿ ಕಲಿತು ತೂಸಿಯ ಯೂಕ್ಲಿಡ್ ಅನ್ನು ಸಂಸ್ಕೃತಕ್ಕೆ ತಂದ. ಆ ಗ್ರಂಥದ ಹೆಸರು 'ರೇಖಾಗಣಿತ'. ಕನ್ನಡದ ಮಕ್ಕಳು ಈ ವಿದ್ಯೆಗೆ ಹೇಳುವ ಹೆಸರೂ ಅದೇ. ಅದೇ ಶತಮಾನದಲ್ಲಿ ಲಖನೌದ ಫರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನ್ ರೂಪಿಸಿದ ದರ್ಸೆ ನಿಜಾಮಿ ಪಠ್ಯಕ್ರಮದಲ್ಲಿ ತೂಸಿಯ ಯೂಕ್ಲಿಡ್‌ನ ಮೊದಲ ಮಕಾಲೆ, ಅಂದರೆ ಮೊದಲ ಪುಸ್ತಕ, ಸೇರಿತ್ತು. ಕೋನದ ನಕಲು ಇರುವುದು ಆ ಮೊದಲ ಪುಸ್ತಕದಲ್ಲೇ. ಜೈಪುರದ ಶಾಸ್ತ್ರಿಯೂ ಲಖನೌದ ಮೌಲವಿಯೂ ಒಂದೇ ಗ್ರಂಥದಿಂದ ಒಂದೇ ಕೋನವನ್ನು ನಕಲು ಮಾಡುತ್ತಿದ್ದರು. ಸರ್ ಸೈಯದರ ತಾಯಿಯ ತಂದೆ ಖ್ವಾಜಾ ಫರೀದುದ್ದೀನ್ ಅಹ್ಮದ್ ಕೈವಾರದ ಒಂದು ಬಗೆಯ ಮೇಲೆಯೇ ಪರ್ಷಿಯನ್‌ನಲ್ಲಿ ಪುಸ್ತಕ ಬರೆದಿದ್ದರು. 1846ರಲ್ಲಿ ಸರ್ ಸೈಯದ್ ಅದನ್ನು ಉರ್ದುವಿಗೆ ಅನುವಾದಿಸಿದರು.

ಮದರಸಾದ ಪರಿಭಾಷೆಯಲ್ಲಿ ವಿದ್ಯೆಗಳು ಎರಡು ಬಗೆ: ಮನ್ಕೂಲ್ ಮತ್ತು ಮಾಕೂಲ್. ಕೇಳಿ ಸಾಗಿಸಿದ್ದು ಮನ್ಕೂಲ್, ಬುದ್ಧಿಯಿಂದ ತಿಳಿದದ್ದು ಮಾಕೂಲ್. ಒಂದು 'ನಕ್ಲ್'ನಿಂದ ಬಂದ ಪದ, ಇನ್ನೊಂದು 'ಅಕ್ಲ್'ನಿಂದ. ರೇಖಾಗಣಿತ ಎರಡನೆಯದಕ್ಕೆ ಸೇರಿತ್ತು. ಕಾಲ ಸರಿದಂತೆ ಹೆಚ್ಚಿನ ಮದರಸಾಗಳಲ್ಲಿ ಈ ಮಾಕೂಲಾತ್‌ನ ಪಾಲು ತೆಳುವಾಯಿತು. ಧರ್ಮಕ್ಕೆ ಸಂಬಂಧವಿಲ್ಲದ್ದು ಎಂಬ ಕಾರಣ ಹೇಳುವವರಿದ್ದಾರೆ. ಆದರೆ ಆ ಪಠ್ಯಕ್ರಮವನ್ನು ಕಟ್ಟಿದವರೂ ಆಲಿಮರೇ. ಒಬ್ಬ ಹುಡುಗನಿಗೆ ಫತ್ವಾ ಕೊಡುವ ಹೊಣೆ ಬರುವ ಮೊದಲು ಒಂದು ಮಾತು ಇನ್ನೊಂದು ಮಾತಿನಿಂದ ಹೇಗೆ ಹೊರಡುತ್ತದೆ, ಯಾವ ಆಧಾರದ ಮೇಲೆ ಯಾವ ತೀರ್ಮಾನ ನಿಲ್ಲುತ್ತದೆ ಎಂಬುದರ ಸಾಧಕ ಬೇಕು. ಆ ಸಾಧಕಕ್ಕೆ ಯೂಕ್ಲಿಡ್‌ನಂಥ ಗರಡಿಮನೆ ಸಿಗುವುದು ಕಷ್ಟ. ಶಾಲೆಯಲ್ಲಿ ಕಾರಣ ಮುಂದಿನ ವರ್ಷಕ್ಕೆ ಹೋಯಿತು, ಮದರಸಾದಲ್ಲಿ ಅದು ಪಠ್ಯದಿಂದಲೇ ಹಿಂದೆ ಸರಿಯಿತು. ಎರಡೂ ಕಡೆ ನಷ್ಟ ನಮ್ಮ ಮಕ್ಕಳದ್ದೇ.

ನಕಲಿನ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. ಕೈವಾರ ಮತ್ತು ಪಟ್ಟಿಗಳಿಂದ 60 ಡಿಗ್ರಿಯ ಕೋನ ರಚಿಸುವುದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಮೂರು ಸಮಭಾಗ ಮಾಡಿ 20 ಡಿಗ್ರಿಯ ಕೋನ ಪಡೆಯುವುದು ಈ ಎರಡು ಉಪಕರಣಗಳಿಂದ ಸಾಧ್ಯವೇ ಇಲ್ಲ. ಎರಡು ಸಾವಿರ ವರ್ಷ ಜನ ಪ್ರಯತ್ನಿಸಿದ ಮೇಲೆ 1837ರಲ್ಲಿ ಫ್ರಾನ್ಸಿನ ಪಿಯರ್ ವಾಂಟ್ಸೆಲ್ ಇದು ಅಸಾಧ್ಯವೆಂದು ಸಾಧಿಸಿದ. ಹಾಗೆಂದು ಬೇರೆ ಉಪಾಯದಿಂದ ಯಾರಾದರೂ 20 ಡಿಗ್ರಿಯ ಕೋನವನ್ನು ಬರೆದು ನಮ್ಮ ಮುಂದಿಟ್ಟರೆ? ಅದೇ ಕೈವಾರ, ಅದೇ ಪಟ್ಟಿಯಿಂದ ಅದನ್ನು ಚಾಚೂ ತಪ್ಪದೆ ನಕಲು ಮಾಡಬಹುದು. ನಾವು ಹುಟ್ಟಿಸಲಾರದ್ದನ್ನು ನಾವು ಸಾಗಿಸಬಲ್ಲೆವು.

ಎರಡು ಭಾಷೆಗಳಲ್ಲಿ ಓದಿ ಒಂದರಲ್ಲಿ ಬರೆಯುವವನಿಗೆ ಇದು ಸಮಾಧಾನದ ಮಾತು. ಕನ್ನಡದಲ್ಲಿ ದೃಷ್ಟಿಕೋನ ಎನ್ನುತ್ತೇವೆ, ಉರ್ದುವಿನಲ್ಲಿ ಝಾವಿಯಾ-ಎ-ನಿಗಾಹ್. ಎರಡು ಭಾಷೆಗಳೂ ನೋಟಕ್ಕೆ ಕೋನವನ್ನೇ ಆರಿಸಿಕೊಂಡಿವೆ. ಒಬ್ಬ ಮುದುಕಿ ತನ್ನ ಬದುಕನ್ನು ನೋಡುವ ಕೋನ ಕಥೆಗಾರ ಹುಟ್ಟಿಸಿದ್ದಲ್ಲ. ಅದಕ್ಕೆ ಎಷ್ಟು ಡಿಗ್ರಿ ಎಂದೂ ಅವನಿಗೆ ತಿಳಿಯದು. ಕೋನಮಾಪಕ ಹಿಡಿದು ಹೊರಟ ಕಥೆಗಳಲ್ಲಿ ಆಕೆ ಇಷ್ಟು ಡಿಗ್ರಿ ಬಡವಿ, ಇಷ್ಟು ಡಿಗ್ರಿ ಮುಸ್ಲಿಮಳು, ಇಷ್ಟು ಡಿಗ್ರಿ ನೊಂದವಳು ಎಂಬ ಲೆಕ್ಕ ಇರುತ್ತದೆ, ಆಕೆ ಇರುವುದಿಲ್ಲ. ಅವಳ ಮಾತಿನ ಒಂದು ಉದ್ದ, ಮೌನದ ಒಂದು ಉದ್ದ, ಅವೆರಡರ ನಡುವಿನ ಅಂತರ - ಇಷ್ಟನ್ನು ಅಲುಗಿಸದೆ ಹಿಡಿದು ತಂದರೆ ಕೋನ ಬಂದೀತು. ತರುವವನಿಗೆ ಕಾರಣವೂ ಗೊತ್ತಿರಬೇಕು, ಕೈಯೂ ಗಟ್ಟಿಯಿರಬೇಕು.

ನಮ್ಮ ಉರ್ದು ಶಾಲೆಗಳಲ್ಲಿ, ಕನ್ನಡ ಶಾಲೆಗಳಲ್ಲಿ, ಮನಸ್ಸು ಮಾಡಿದರೆ ಮದರಸಾಗಳಲ್ಲೂ ಈ ಪಾಠಕ್ಕೆ ಒಂದು ಗಂಟೆ ಸಾಕು. ಕೋನವನ್ನು ನಕಲು ಮಾಡಿಸಿ, ಮೂರನೆಯ ಗೆರೆಯನ್ನು ಮಕ್ಕಳ ಕೈಯಲ್ಲೇ ಎಳೆಸಿ, ಏಕೆ ಸರಿ ಎಂದು ಅವರ ಬಾಯಿಂದಲೇ ಹೇಳಿಸಬೇಕು. ಅಬುಲ್ ವಫಾನ ಹೆಸರನ್ನು, ತೂಸಿಯ ಎರಡು ಬಣ್ಣದ ಶಾಯಿಯನ್ನು, ಜಗನ್ನಾಥ ಪಂಡಿತನ ಅರಬಿಯನ್ನು ಆಮೇಲೆ ಹೇಳಿದರಾಯಿತು. ಆಗ ಅದು ಮಕ್ಕಳಿಗೆ ಭಾಷಣವಾಗಿ ಕೇಳಿಸುವುದಿಲ್ಲ. ತಾವು ಈಗಷ್ಟೇ ಮಾಡಿದ ಕೆಲಸವನ್ನು ತಮಗಿಂತ ಮೊದಲು ಮಾಡಿದವರ ಸುದ್ದಿಯಾಗಿ ಕೇಳಿಸುತ್ತದೆ.